ಸುಳ್ಳು ಡಬ್ಬಿಗಳ ಹೊಳೆ

ನಿನ್ನ ಕೆಲಸ ಏನು ಎಂದು ಕೇಳಿದವರಿಗೆ ನಾನು ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಟ್ಟಿದ್ದೇನೆ. ಬಾಡಿಗೆ ಮನೆಯ ಮಾಲಕಿಗೆ ‘ಕಂಪ್ಯೂಟರ್ ಕೆಲಸ’ ಎಂದೆ. ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸಿಗೆ ‘ನೀರಿನ ಆಫೀಸು’ ಎಂದುಬಿಟ್ಟೆ. ಆಕೆ ಇಳಿಯುವವರೆಗೂ ತಮ್ಮ ಓಣಿಗೆ ನಳ ಬಾರದ ಕತೆ ಹೇಳಿ ನನ್ನನ್ನೇ ಬೈದಳು. ನಿಜ ಹೇಳಬೇಕೆಂದರೆ ನಾನು ಸಂಬಳಕ್ಕೆ ಸುಳ್ಳು ತಯಾರಿಸುತ್ತಿದ್ದೆ. ರಾಯಚೂರಿನಲ್ಲಿ, ಕೆಳಗೆ ಟೈರಿನ ಅಂಗಡಿ ಇರುವ ಒಂದು ಕಟ್ಟಡದ ಮೇಲಿನ ಅಂತಸ್ತಿನಲ್ಲಿ ಕೂತು, ಇಲ್ಲದ ಹೊಳೆಗೆ ಇಲ್ಲದ ನೀರು ಬಿಡುತ್ತಿದ್ದೆ. ರಬ್ಬರಿನ ವಾಸನೆ ದಿನವಿಡೀ ಮೂಗಿನಲ್ಲಿ ಇರುತ್ತಿತ್ತು.

ನಮ್ಮದು ಸಣ್ಣ ಕಂಪನಿ. ಹೊಳೆದಂಡೆಗೂ ಕಾಲುವೆಗಳಿಗೂ ನೀರಿನ ಮಟ್ಟ ಅಳೆಯುವ ಡಬ್ಬಿ ಕೂಡಿಸುವ ಗುತ್ತಿಗೆ ಸಿಕ್ಕಿತ್ತು. ಡಬ್ಬಿಯೊಳಗೆ ಒಂದು ಸಿಮ್ ಕಾರ್ಡು. ಅದು ನೀರು ಎಷ್ಟಿದೆ ಎಂದು ಆಗಾಗ ಕಳಿಸುತ್ತದೆ, ನಮ್ಮ ಡೇಟಾಬೇಸು ಅದನ್ನು ಒಂದು ಸಾಲಾಗಿ ಬರೆದಿಟ್ಟುಕೊಳ್ಳುತ್ತದೆ. ಬರೆದಾದ ಮೇಲೆ ಇನ್ನೊಂದು ಪ್ರೋಗ್ರಾಮು ಆ ಸಾಲನ್ನು ಓದಿ, ನೀರು ಅಪಾಯದ ಮಟ್ಟ ದಾಟಿದ್ದರೆ ದಂಡೆಯ ಊರವರ ಫೋನಿಗೆ ಮೆಸೇಜು ಹಾಕುತ್ತದೆ. ಬರೆದಾದ ಮೇಲೆ ಎಂಬುದನ್ನು ನೆನಪಿಟ್ಟುಕೊಳ್ಳಿ, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ.

ಎಲ್ಲ ಡಬ್ಬಿ ಕೂಡಿಸಿ ಆದಮೇಲೆ ಡೇಟಾಬೇಸು ಆ ಭಾರ ತಡೆಯದೆ ಕೂತುಬಿಟ್ಟರೆ ಏನು ಗತಿ? ಅದನ್ನು ಮೊದಲೇ ನೋಡಬೇಕು. ಅದಕ್ಕಾಗಿ ನಾನು ಬರೆದ ಒಂದು ಪ್ರೋಗ್ರಾಮು ಸಾವಿರಾರು ಡಬ್ಬಿಗಳ ವೇಷ ಹಾಕಿ, ಮೇಲಿಂದ ಮೇಲೆ ಲೆಕ್ಕ ಕಳಿಸುತ್ತಿತ್ತು. ಒಂದು ಸೆಕೆಂಡಿಗೆ ಎಷ್ಟು ಸಾಲು ಒಳಗೆ ಹೋದವು ಎಂದು ನಾನು ನೋಡುತ್ತಿದ್ದೆ. ಸುಳ್ಳು ಡಬ್ಬಿಗಳಿಗೆ ಹೆಸರು ಬೇಕಲ್ಲ, ನನಗೆ ಗೊತ್ತಿದ್ದ ಊರುಗಳ ಹೆಸರನ್ನೆಲ್ಲ ಇಟ್ಟೆ. ಸಾಲದಾದಾಗ ನಮ್ಮೂರಿನ ಹೊಲಗಳ ಹೆಸರು, ಆಮೇಲೆ ನಮ್ಮ ಎಮ್ಮೆಗಳ ಹೆಸರು.

ಆ ಡಬ್ಬಿಗಳಷ್ಟು ಸಂಭಾವಿತರನ್ನು ನಾನು ಎಲ್ಲೂ ನೋಡಿಲ್ಲ. ಅವುಗಳ ವೈರನ್ನು ಇಲಿ ಕಡಿಯುತ್ತಿರಲಿಲ್ಲ. ಅವುಗಳ ಮೇಲೆ ಯಾರೂ ಟವೆಲ್ಲು ಒಣಹಾಕುತ್ತಿರಲಿಲ್ಲ, ಎಮ್ಮೆ ಬಂದು ಮೈ ತಿಕ್ಕಿಕೊಳ್ಳುತ್ತಿರಲಿಲ್ಲ. ಕರೆಂಟು ಹೋಗುವುದು ಎಂದರೆ ಏನೆಂದೇ ಅವಕ್ಕೆ ಗೊತ್ತಿರಲಿಲ್ಲ. ಹೇಳಿದ ಹೊತ್ತಿಗೆ ಹೇಳಿದ್ದನ್ನು ಕಳಿಸುತ್ತಿದ್ದವು. ಅವನ್ನು ನೋಡಿ ನೋಡಿ ನಮಗೂ ಲೋಕ ಹಾಗೇ ಇದೆ ಅನ್ನಿಸತೊಡಗಿತ್ತು.

ನಮ್ಮೂರು ದೇವದುರ್ಗ ತಾಲೂಕಿನಲ್ಲಿ, ಕೃಷ್ಣೆಯ ದಂಡೆಗೆ. ಅಪ್ಪ ಅವ್ವ ಬೇಗ ಹೋದರು, ನನ್ನನ್ನು ಓದಿಸಿದವನು ಅಣ್ಣ. ಓದಿಸಿದ ಎಂದರೆ ಕೂಡಿಸಿ ಪಾಠ ಹೇಳಲಿಲ್ಲ, ಅವನಿಗೆ ಸಹಿ ಮಾಡುವುದೇ ಒಂದು ಸಂಕಟವಾಗಿತ್ತು. ಊರಿನ ಹಿರಿಯರು ಹುಡುಗಿಯನ್ನು ಡಿಪ್ಲೊಮಾಕ್ಕೆ ಯಾಕೆ ಕಳಿಸುತ್ತಿ ಎಂದಾಗ, ‘ನಿಮ್ಮ ಮನಿ ಅನ್ನ ಉಣ್ಣಾಕತ್ತಾಳೇನು?’ ಎಂದು ಅವರ ಬಾಯಿ ಮುಚ್ಚಿಸಿದ. ನನ್ನ ಸಿಟ್ಟು ನನಗೆ ಎಲ್ಲಿಂದ ಬಂತು ಎಂದು ಯಾರೂ ಹುಡುಕಬೇಕಿಲ್ಲ.

ಅವನ ಹೊಲ ದಂಡೆಯ ಮೇಲೆ, ಅವನ ಮೋಟಾರು ಕೆಳಗೆ ಹೊಳೆಗೆ. ಹೊಳೆಗೆ ಮೋಟಾರು ಕೂಡಿಸಿದವರಿಗೆಲ್ಲ ಮಳೆಗಾಲದಲ್ಲಿ ಒಂದು ಕೆಲಸ ತಪ್ಪಿದ್ದಲ್ಲ. ಮೇಲಿನ ಡ್ಯಾಮಿನಿಂದ ನೀರು ಬಿಟ್ಟರು ಎಂದು ಸುದ್ದಿ ಬಂದ ಕೂಡಲೇ ಗಂಡಸರು ಹಗ್ಗ, ಬೋಲ್ಟು ಬಿಚ್ಚುವ ಪಾನಾ ಹಿಡಿದು ಕೆಳಗೆ ಇಳಿಯುತ್ತಾರೆ. ಬೇರೆ ಕಡೆಯ ಜನ ಹೊಳೆ ಬಂತೆಂದರೆ ದೂರ ಓಡುತ್ತಾರೆ, ನಮ್ಮವರು ಅದರ ಕಡೆಗೇ ಓಡುತ್ತಾರೆ. ಬೋಲ್ಟು ಬಿಚ್ಚಿ, ಪೈಪು ಕಳಚಿ, ಮೋಟಾರಿಗೆ ಹಗ್ಗ ಬಿಗಿದು ನಾಲ್ಕಾರು ಜನ ಮೇಲೆ ಎಳೆಯುತ್ತಾರೆ. ಮೊದಲೇ ಎತ್ತಿಟ್ಟುಕೊಳ್ಳಬಾರದೇ ಎಂದು ಪಟ್ಟಣದವರು ಕೇಳುತ್ತಾರೆ. ಹೊಳೆ ತುಂಬುವುದು ಮಹಾರಾಷ್ಟ್ರದ ಮಳೆಗೆ; ನಮ್ಮ ಹೊಲದ ಮೇಲೆ ಆ ಹೊತ್ತಿಗೆ ಹನಿ ಬಿದ್ದಿರುವುದಿಲ್ಲ. ಕಣ್ಣ ಮುಂದೆ ಹತ್ತಿ ಬಾಡುತ್ತಿರುವಾಗ ಯಾರು ಮೋಟಾರು ಎತ್ತುತ್ತಾರೆ?

ಅಣ್ಣನಿಗೆ ಅದಕ್ಕೊಂದು ಲೆಕ್ಕವಿತ್ತು. ಇಳಿದ ಕೂಡಲೇ ನೀರಿನ ಅಂಚಿಗೆ ಒಂದು ಹತ್ತಿಕಡ್ಡಿ ಚುಚ್ಚಿ ಬೀಡಿ ಹಚ್ಚುತ್ತಿದ್ದ. ಬೀಡಿ ಮುಗಿಯುವುದರೊಳಗೆ ಕಡ್ಡಿ ಮುಳುಗಿದರೆ ಮೋಟಾರಿನ ಆಸೆ ಬಿಟ್ಟು ಮೇಲೆ ಬರುತ್ತಿದ್ದ. ಮುಳುಗದಿದ್ದರೆ ಪಾನಾ ಕೈಗೆ ತಗೊಳ್ಳುತ್ತಿದ್ದ. ಹೀಗೆ ಒಂದು ಸಲ ಮೋಟಾರು ಬಿಟ್ಟು ಬಂದದ್ದೂ ಉಂಟು, ಆ ವರ್ಷವಿಡೀ ಅತ್ತಿಗೆ ಅದನ್ನು ಎತ್ತಿ ಆಡಿದ್ದೂ ಉಂಟು.

‘ಬೀಡಿ ಸೇದಿ ಹೊಳಿ ಅಳಿಯೋದು ಸಾಕು ಇನ್ನ,’ ಎಂದು ನಾನು ಅವನಿಗೆ ಹೇಳಿದ್ದೆ. ‘ಮ್ಯಾಲಿನ ಊರಾಗ ಡಬ್ಬಿ ಕೂಡಿಸ್ತೀವಿ. ನೀರು ಅಲ್ಲಿ ಏರಿದ ಕೂಡ್ಲೆ ನಿನ್ನ ಫೋನಿಗಿ ಮೆಸೇಜ್ ಬರ್ತದ. ಇಷ್ಟು ತಾಸಿನ್ಯಾಗ ನಿಮ್ಮೂರಿಗಿ ಬರ್ತದ ಅಂತಾನೂ ಇರ್ತದ.’

‘ಅಂದ್ರ ರಾಯಚೂರಾಗ ಫ್ಯಾನ್ ಕೆಳಗ ಕುಂತು ನಮ್ಮ ಹೊಳಿ ನೋಡ್ತಿ ಅನ್ನು.’

‘ಹೌದಪಾ, ನೋಡ್ತೀನಿ.’

‘ಹಂಗಾರ ನಮ್ಮ ಎಮ್ಮಿ ಎಲ್ಲಿ ಹೋಗ್ಯಾವ ಅಂತ ಒಂದಿಷ್ಟು ನೋಡಿ ಹೇಳಬೇ ತಂಗೆವ್ವ, ಮುಂಜಾನಿಂದ ಹುಡುಕಾಕತ್ತೀನಿ.’

ಮೆಸೇಜು ಹೋಗುತ್ತದೋ ಇಲ್ಲವೋ ನೋಡಲು ನಮಗೆ ಕೆಲವು ನಿಜವಾದ ನಂಬರು ಬೇಕಿತ್ತು. ಅಣ್ಣನ ನಂಬರು ಹಾಕಿದೆ. ನಾನು ಸುಳ್ಳು ಹೊಳೆ ಏರಿಸಿದಾಗಲೆಲ್ಲ ಅವನ ಫೋನು ಗುಂಯ್‌ಗುಟ್ಟುತ್ತಿತ್ತು, ಅವನು ಕೂಡಲೇ ಫೋನ್ ಮಾಡಿ, ‘ಇಲ್ಲಿ ಹೊಳ್ಯಾಗ ಕೋಳಿ ದಾಟಾಕತ್ತಾವ, ನಿನ್ನ ಮಷೀನಿಗಿ ಜ್ವರ ಬಂದದೇನು?’ ಎನ್ನುತ್ತಿದ್ದ. ಟೆಸ್ಟ್ ಎಂದು ಮೆಸೇಜಿನ ಮುಂದೆಯೇ ಬರೆದಿರುತ್ತಿತ್ತು. ಅವನಿಗೆ ಅದು ಗೊತ್ತಿತ್ತು. ಆದರೂ ಫೋನ್ ಮಾಡುತ್ತಿದ್ದ, ತಂಗಿಯ ಹತ್ತಿರ ಮಾತಾಡಲು ಒಂದು ನೆಪ.

ನಿಜದ ಡಬ್ಬಿಗಳನ್ನು ನಾವು ಮೊದಲು ಕೂಡಿಸಿದ್ದು ಮಾನ್ವಿ ತಾಲೂಕಿನ ಕಾಲುವೆಗಳಿಗೆ. ಒಂದು ಮಧ್ಯಾಹ್ನ ಅಲ್ಲಿ ಕರೆಂಟು ಹೋಯಿತು. ಅದರ ಹಿಂದೆಯೇ ಟವರೂ ಮಲಗಿತು. ಡಬ್ಬಿಗಳು ತಮ್ಮ ಲೆಕ್ಕವನ್ನೆಲ್ಲ ಹೊಟ್ಟೆಯಲ್ಲಿ ಇಟ್ಟುಕೊಂಡು ಸುಮ್ಮನೆ ಕೂತವು. ಕರೆಂಟು ಬಂದ ಕೂಡಲೇ ಎಲ್ಲವೂ ಒಟ್ಟಿಗೇ ಎದ್ದು, ಇಟ್ಟುಕೊಂಡದ್ದನ್ನೆಲ್ಲ ಒಂದೇ ಸಲ ಕಳಿಸಿದವು. ಡೇಟಾಬೇಸು ಉಸಿರು ಕಟ್ಟಿ ಕೂತಿತು. ಆ ಮಧ್ಯಾಹ್ನದ ನೀರಿನ ಲೆಕ್ಕ ನಮ್ಮ ಪರದೆಗೆ ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಕಂಪನಿಯ ಮಾಲಕರನ್ನು ನಾವು ಸಾಹೇಬರು ಎನ್ನುತ್ತಿದ್ದೆವು. ಅವರು ಆವತ್ತು ಆಫೀಸಿನ ಒಂದು ಕುರ್ಚಿಯನ್ನೂ ಬಿಡದೆ ಬೈದರು.

ಮರುದಿನ ನಾನೂ ನಮ್ಮ ಸೀನಿಯರೂ ಮಾನ್ವಿಗೆ ಹೋದೆವು. ಸೀನಿಯರು ತೆಲಂಗಾಣದ ಕಡೆಯವರು, ಒಳ್ಳೆಯ ಮನುಷ್ಯ. ಲೆಕ್ಕ ಹಾಕುವಾಗ ತೆಲುಗಿನಲ್ಲಿ ಗೊಣಗುತ್ತ, ನಮ್ಮ ಹತ್ತಿರ ಪುಸ್ತಕದ ಕನ್ನಡ ಮಾತಾಡುತ್ತಿದ್ದರು. ಮಾನ್ವಿಯಲ್ಲಿ ಇಳಿದು ಬಾಗಲವಾಡದ ಟಂಟಂ ಹತ್ತಿದೆವು. ಹಿಂದೆ ಎದುರುಬದುರು ಸೀಟು ಇರುವ ಆ ಮೂರು ಗಾಲಿಯ ಗಾಡಿ ನಮ್ಮ ಕಡೆ ಹೇಗೆ ಓಡುತ್ತದೆ ಎಂದು ಹತ್ತಿದವರಿಗೆಲ್ಲ ಗೊತ್ತು. ಸೀಟು ತುಂಬದೆ ಅದು ಹೊರಡುವುದಿಲ್ಲ. ಹೊತ್ತು ಗೊತ್ತು ಏನೂ ಇಲ್ಲ, ಮಂದಿಯೇ ಅದರ ಗಡಿಯಾರ.

‘ಏನಪಾ, ಬಿಡ್ತಿಯೋ ಇಲ್ಲೋ?’ ಎಂದೆ ಡ್ರೈವರಿಗೆ.

‘ಇನ್ನ ಸ್ವಲ್ಪ ಮಂದಿ ಬರ್ಲಿ ಅಕ್ಕಾರ. ಖಾಲಿ ಒಯ್ದು ಏನ್ ಮಾಡ್ಲಿ?’

ಅಲ್ಲೇ ಬಿಸಿಲಿನಲ್ಲಿ ಬೆವರುತ್ತ ಕೂತಾಗ ಸೀನಿಯರು ತೊಡೆ ತಟ್ಟಿಕೊಂಡರು. ‘ನೋಡಮ್ಮಾ, ನಮ್ಮ ತಪ್ಪು ಇದೇ. ನಾವು ಒಂದೊಂದು ಸಾಲಿಗೂ ಒಂದೊಂದು ಗಾಡಿ ಬಿಡುತ್ತಿದ್ದೇವೆ. ಡೇಟಾಬೇಸಿನ ಬಾಗಿಲು ತೆಗೆಯುವುದು ಮುಚ್ಚುವುದರಲ್ಲೇ ಹೊತ್ತು ಹೋಗುತ್ತದೆ. ಸಾಲುಗಳನ್ನು ಕೂಡಿಸಿಕೊಂಡು, ಗಾಡಿ ತುಂಬಿದ ಮೇಲೆ ಒಂದೇ ಸಲ ಇಳಿಸಿದರೆ?’

ಇದು ಅವರು ಕಂಡುಹಿಡಿದದ್ದೇನಲ್ಲ, ಈ ಕೆಲಸದವರೆಲ್ಲ ಎಲ್ಲೆಡೆ ಹೀಗೆ ಮಾಡುತ್ತಾರೆ. ಆದರೆ ಆ ಟಂಟಂನಲ್ಲಿ ಕೂತು ಅದನ್ನು ಕೇಳಿದಾಗ ನನಗೆ ಬಹಳ ಖುಷಿಯಾಯಿತು. ನಮ್ಮ ಊರಿನ ಬುದ್ಧಿಯನ್ನೇ ಮಷೀನಿಗೆ ಕಲಿಸುತ್ತಿದ್ದೇವೆ ಅನ್ನಿಸಿತು. ಊರಿಂದ ಊರಿಗೆ ಬೇರೆ ಬೇರೆ ಟಂಟಂ ಇದ್ದಂತೆ ತಾಲೂಕಿಗೊಂದು ಗಾಡಿ ಮಾಡಿದೆವು. ಮಾನ್ವಿಯದು ಬೇರೆ, ಸಿರವಾರದ್ದು ಬೇರೆ, ದೇವದುರ್ಗದ್ದು ಬೇರೆ. ಗಾಡಿಗೆ ಎರಡು ಕಟ್ಟಳೆ ಇಟ್ಟೆವು. ಒಂದು, ಎಷ್ಟು ಸಾಲು ತುಂಬಿದರೆ ಹೊರಡಬೇಕು. ಇನ್ನೊಂದು, ತುಂಬದಿದ್ದರೆ ಹೆಚ್ಚೆಂದರೆ ಎಷ್ಟು ಹೊತ್ತು ಕಾಯಬೇಕು.

ರಾಯಚೂರಿಗೆ ಬಂದು ಮತ್ತೆ ಟೆಸ್ಟು ಹಚ್ಚಿದೆವು. ಅಂಕಿ ಏರಿತು. ಗಾಡಿ ದೊಡ್ಡದು ಮಾಡಿದೆವು, ಇನ್ನೂ ಏರಿತು. ಕಾಯುವ ಹೊತ್ತು ಹೆಚ್ಚಿಸಿದರೆ ಅರೆಖಾಲಿ ಗಾಡಿಗಳು ಕಡಿಮೆಯಾಗಿ ಮತ್ತಷ್ಟು ಏರಿತು. ಗುತ್ತಿಗೆ ಕೊಟ್ಟವರು ನೋಡಲು ಬರುವವರಿದ್ದರು, ಅವರಿಗೆ ತೋರಿಸಲು ಸಾಹೇಬರಿಗೆ ಒಂದು ದೊಡ್ಡ ಅಂಕಿ ಬೇಕಿತ್ತು. ಆಫೀಸಿನವರೆಲ್ಲ ನನ್ನ ಕುರ್ಚಿಯ ಹಿಂದೆ ನಿಂತು, ಕ್ರಿಕೆಟ್ ನೋಡುವವರ ಹಾಗೆ ಕೂಗುತ್ತಿದ್ದರು. ನಾನೂ ಕೂಗಿದೆ.

‘ಮಂದಿ ಬರಲೇ ಇಲ್ಲಂದ್ರ ಏನ್ರೀ ಸರ?’ ಎಂದು ಒಮ್ಮೆ ಸೀನಿಯರನ್ನು ಕೇಳಿದ್ದು ನಿಜ.

‘ಇಷ್ಟು ಡಬ್ಬಿ ಇವೆಯಮ್ಮಾ. ಮಂದಿ ಹೇಗೆ ಬರುವುದಿಲ್ಲ?’ ಎಂದರು ಅವರು. ಪರದೆ ತೋರಿಸಿದರು. ಪರದೆಯ ಮೇಲೆ ನನ್ನ ಸಾವಿರಾರು ಎಮ್ಮೆಗಳು ಒಂದೂ ತಪ್ಪದೆ ಸಾಲಾಗಿ ಬರುತ್ತಿದ್ದವು. ಡೇಟಾಬೇಸಿನ ಮೇಲೆ ಭಾರ ಹೇರಿ ನೋಡುವುದೇ ನಮ್ಮ ಕೆಲಸವಾಗಿತ್ತು. ಭಾರವೇ ಇಲ್ಲದ ಹೊತ್ತಿನಲ್ಲಿ ಅದು ಏನು ಮಾಡುತ್ತದೆ ಎಂದು ನೋಡುವುದು ಯಾರ ಕೆಲಸವೂ ಆಗಿರಲಿಲ್ಲ. ನೋಡಲು ಬಂದವರು ಮೆಚ್ಚಿಕೊಂಡು ಹೋದರು. ಸಾಹೇಬರು ಜಿಲೇಬಿ ತರಿಸಿದರು. ಪ್ರದರ್ಶನಕ್ಕೆಂದು ಹೆಚ್ಚಿಸಿದ್ದ ಕಾಯುವ ಹೊತ್ತು ಹಾಗೆಯೇ ಉಳಿಯಿತು.

ಮುಂಗಾರಿಗೆ ಮೊದಲು ದೇವದುರ್ಗದ ಹೊಳೆದಂಡೆಗೆ ಡಬ್ಬಿ ಕೂಡಿಸಿದೆವು. ಹೆಚ್ಚಿನವಕ್ಕೆ ಪಂಪ್‌ಸೆಟ್ಟಿನ ಲೈನಿನಿಂದಲೇ ಕರೆಂಟು. ಒಳಗೆ ಬ್ಯಾಟರಿ ಇತ್ತು, ಹೆಸರಿಗೆ. ಮೇಲಿನ ಊರಿನ ಹತ್ತಿರ ಲೈನೇ ಇಲ್ಲದ ಒಂದು ಬಂಡೆಯ ಮೇಲೆ ಕೂಡಿಸಿದ ಡಬ್ಬಿಗೆ ಮಾತ್ರ ಸೋಲಾರ್ ಪ್ಲೇಟು ಹಾಕಿದ್ದೆವು. ಆ ದಿನ ಅಣ್ಣ ಬುತ್ತಿ ಕಟ್ಟಿಸಿಕೊಂಡು ಬಂದು ಬಂಡೆಯ ಬುಡದಲ್ಲಿ ನಮಗೆಲ್ಲ ಉಣ್ಣಲು ಹಾಕಿದ. ಸೀನಿಯರು ಖಾರಕ್ಕೆ ಕಣ್ಣೀರು ಹಾಕಿದ್ದನ್ನು ನೋಡಿ, ‘ಸಾಹೇಬ್ರಿಗಿ ನಮ್ಮೂರು ಬಿಟ್ಟು ಹೋಗಾಕ ದುಃಖ ಆಗಾಕತ್ತದ ನೋಡ್ರಿ,’ ಎಂದ.

ಶ್ರಾವಣದಲ್ಲಿ ಹೊಳೆ ಬಂತು. ಬೆಳಿಗ್ಗೆಯೇ ಊರಲ್ಲಿ ಮೈಕು ಕಟ್ಟಿದ ಗಾಡಿ ತಿರುಗಿ, ಮೇಲೆ ನೀರು ಬಿಟ್ಟಿದ್ದಾರೆ, ಯಾರೂ ಹೊಳೆಗೆ ಇಳಿಯಬಾರದು ಎಂದು ಸಾರಿತ್ತು. ಹೀಗೆ ಸಾರುವುದು ಪ್ರತಿವರ್ಷದ್ದು, ಸಾರಿದ ಮೇಲೆ ಮೋಟಾರು ಎತ್ತಲು ಇಳಿಯುವುದೂ ಪ್ರತಿವರ್ಷದ್ದು. ಬಿಟ್ಟ ನೀರು ನಮ್ಮೂರಿಗೆ ಬರಲು ಸಾಮಾನ್ಯವಾಗಿ ಹೊತ್ತು ಇಳಿಯುತ್ತದೆ. ದಂಡೆಯ ಲೈನಿನ ಕರೆಂಟನ್ನು ರೂಢಿಯಂತೆ ತೆಗೆದರು. ನೀರಿನೊಳಗೆ ಮುಳುಗುವ ಮೋಟಾರುಗಳಿಗೆ ಕರೆಂಟು ಬಿಡಲು ಬರುವುದಿಲ್ಲವಲ್ಲ.

ಮಧ್ಯಾಹ್ನ ಅಣ್ಣ ಫೋನ್ ಮಾಡಿದ. ‘ಏನಬೇ, ಮೆಸೇಜ್ ಇನ್ನ ಬಂದಿಲ್ಲ. ಉಂಡು ಇಳೀಲೋ, ಹಂಗೇ ಇಳೀಲೋ?’

ನಾನು ಪರದೆ ನೋಡಿದೆ. ದೇವದುರ್ಗದ ಗೆರೆ ಸಪಾಟಾಗಿತ್ತು. ‘ಇಲ್ಲೇನೂ ಏರಿಲ್ಲಣ್ಣಾ,’ ಎಂದೆ.

‘ಹಂಗಾರ ಉಂಡೇ ಹೋಗ್ತೀನಿ. ನಿಮ್ಮತ್ತಿಗಿ ಪುಂಡಿಪಲ್ಲೆ ಮಾಡ್ಯಾಳ.’

ಇಷ್ಟೇ ಮಾತು. ಆಮೇಲೆ ನಾನು ಬೇರೆ ಕೆಲಸಕ್ಕೆ ಹತ್ತಿದೆ. ಅವನು ಉಂಡ. ಪಕ್ಕದ ಹೊಲದವನನ್ನು ಕರೆದುಕೊಂಡು ಇಳಿದ. ಅಂಗಿ ಕಳಚಿ ಫೋನಿನ ಸಮೇತ ಮೇಲೆ ನಿಂತಿದ್ದ ಅತ್ತಿಗೆಯ ಕೈಗೆ ಕೊಟ್ಟಿದ್ದ. ನೀರು ಆವತ್ತು ಬೇಗ ಬಂತು. ಹಗ್ಗ ಹಿಡಿದು ಮೇಲೆ ನಿಂತವನು ಉಳಿದ. ಕೆಳಗೆ ಬೋಲ್ಟು ಬಿಚ್ಚುತ್ತಿದ್ದ ಅಣ್ಣ ಹೋದ. ಮಂದಿ ಕೂಗುತ್ತ ದಂಡೆಗುಂಟ ಓಡುತ್ತಿರುವಾಗ ಅತ್ತಿಗೆಯ ಕೈಯೊಳಗಿನ ಫೋನು ಗುಂಯ್ ಎಂದಿತು. ನೀರು ಅಪಾಯದ ಮಟ್ಟ ದಾಟಿದೆ, ಹೊಳೆಯಿಂದ ದೂರ ಇರಿ ಎಂದು ಅದರಲ್ಲಿ ಬರೆದಿತ್ತು. ಆ ಮೆಸೇಜಿನ ಮಾತುಗಳನ್ನು ಬರೆದವಳು ನಾನೇ. ಕಾಗುಣಿತ ತಪ್ಪಾಗಬಾರದೆಂದು ಬಹಳ ಜಾಗ್ರತೆಯಿಂದ ಬರೆದಿದ್ದೆ.

ಹೊಳೆ ಇಳಿದ ಮೇಲೆ, ಹೊಳೆಗುಂಟ ಕೆಳಗಿರುವ ದೇವಸುಗೂರಿನ ಕಡೆಯವರು ಫೋನ್ ಮಾಡಿದರು. ಅಲ್ಲಿಂದ ಅವನನ್ನು ತಂದೆವು. ಅದರ ಬಗ್ಗೆ ನಾನು ಬರೆಯುವುದಿಲ್ಲ.

ಪಕ್ಕದ ಹೊಲದವನು ಮಣ್ಣಿಗೆ ಬಂದವರ ನಡುವೆ ನನ್ನ ಹತ್ತಿರ ಬಂದು ಕೂತ. ಅವನಿಗೆ ಹೇಳದೆ ಇರಲು ಆಗುತ್ತಿರಲಿಲ್ಲ ಅನ್ನಿಸುತ್ತದೆ. ‘ಕಡ್ಡಿ ಚುಚ್ಚೋ ಅಂದೆ ತಂಗಿ ನಾ,’ ಎಂದ. ‘ಬ್ಯಾಡ ಬಿಡು, ನನ್ನ ತಂಗಿ ಅಲ್ಲಿ ನೋಡಾಕತ್ತಾಳ ಅಂದ.’ ನಾನು ಎದ್ದು ಹಿತ್ತಲಿಗೆ ಹೋಗಿ, ನನ್ನ ಕೈಗಳನ್ನು ನಾನೇ ಕಚ್ಚಿಕೊಂಡೆ. ಅಳು ಬರಲಿಲ್ಲ. ಸಿಟ್ಟು ಬಂತು, ಅಣ್ಣನ ಮೇಲೆಯೇ. ಮೂವತ್ತು ಮಳೆಗಾಲ ನೋಡಿದ ಮನುಷ್ಯ ಒಂದು ಕಡ್ಡಿ ಚುಚ್ಚಲು ಆಗಲಿಲ್ಲವೇ ಎಂದು ಸತ್ತವನನ್ನು ಬಾಯಿಗೆ ಬಂದಂತೆ ಬೈದೆ.

ಏನಾಗಿತ್ತು ಎಂಬುದು ಆಫೀಸಿಗೆ ಮರಳಿದ ಮೇಲೆ ತಿಳಿಯಿತು. ಕರೆಂಟು ಹೋದ ಸ್ವಲ್ಪ ಹೊತ್ತಿಗೇ ಲೈನಿನ ಡಬ್ಬಿಗಳ ಬ್ಯಾಟರಿಗಳು ಒಂದೊಂದಾಗಿ ಸತ್ತಿದ್ದವು. ಬಂಡೆಯ ಮೇಲಿನ ಸೋಲಾರ್ ಡಬ್ಬಿ ಒಂದೇ ಬದುಕಿತ್ತು. ಅದು ತನ್ನ ಕೆಲಸ ತಪ್ಪದೆ ಮಾಡಿತ್ತು: ನೀರು ಏರುತ್ತಿದೆ, ಇನ್ನೂ ಏರಿತು, ಮತ್ತೂ ಏರಿತು ಎಂದು ಕಳಿಸುತ್ತಲೇ ಇತ್ತು. ಆದರೆ ದೇವದುರ್ಗದ ಗಾಡಿ ತುಂಬಬೇಕಲ್ಲ. ಆ ಒಂಟಿ ಡಬ್ಬಿಯ ಸಾಲುಗಳು ಗಾಡಿಯಲ್ಲಿ ಕೂತು ಉಳಿದ ಮಂದಿಯ ದಾರಿ ಕಾಯುತ್ತಿದ್ದವು. ಕಾಯುವ ಹೊತ್ತನ್ನು ನಾವು ಹೆಚ್ಚಿಸಿಟ್ಟಿದ್ದೆವು. ಕೊನೆಗೆ ಅದೊಂದೇ ಡಬ್ಬಿ ಕಳಿಸಿ ಕಳಿಸಿ ಎಲ್ಲ ಸೀಟನ್ನೂ ತಾನೇ ತುಂಬಿಸಿತು. ಆಗ ಗಾಡಿ ಹೊರಟಿತು. ಅಲ್ಲಿಯವರೆಗೂ ಪರದೆ ಹಳೆಯ ಮಟ್ಟವನ್ನೇ ಎಳೆದು ಎಳೆದು ತೋರಿಸುತ್ತಿತ್ತು. ಹೊಸ ಸುದ್ದಿ ಬಾರದಿದ್ದಾಗ ಹಳೆಯದೇ ಇದೆ ಎಂದು ತೋರಿಸುವುದು ಅದರ ಚಾಳಿ.

ಇದರ ಮೇಲೆ ಒಂದು ಮೀಟಿಂಗ್ ಆಯಿತು. ‘ಸಾಲು ಎಷ್ಟು ಕಳಕೊಂಡೀವಿ?’ ಎಂದು ಸಾಹೇಬರು ಕೇಳಿದರು. ಅವರಿಗೆ ಗೊತ್ತಿದ್ದ ಪ್ರಶ್ನೆ ಅದೊಂದೇ.

‘ಒಂದೂ ಹೋಗಿಲ್ಲ ಸಾರ್,’ ಎಂದರು ಸೀನಿಯರು, ಬಹಳ ಸಣ್ಣ ದನಿಯಲ್ಲಿ. ಅದು ನಿಜವೂ ಆಗಿತ್ತು. ಒಂದೊಂದು ಸಾಲೂ ಅದು ಹುಟ್ಟಿದ ಹೊತ್ತಿನ ಸಮೇತ ಡೇಟಾಬೇಸಿನಲ್ಲಿ ಕ್ಷೇಮವಾಗಿ ಕೂತಿತ್ತು.

‘ಸಾಲು ಹೋಗಿಲ್ಲರೀ,’ ಎಂದೆ ನಾನು. ‘ನಮ್ಮಣ್ಣ ಹೋಗ್ಯಾನ.’

ಸೀನಿಯರು ಎದ್ದು ಹೊರಗೆ ಹೋದರು. ಅಣ್ಣನ ಮಣ್ಣಿಗೂ ಅವರು ಬಂದಿದ್ದರು, ಅಂಗಳದೊಳಗೆ ಕಾಲಿಡಲು ಆಗದೆ ಬೇವಿನ ಗಿಡದ ಕೆಳಗೆ ಸಂಜೆಯವರೆಗೂ ನಿಂತಿದ್ದರು. ಅವರನ್ನು ದ್ವೇಷಿಸಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಆ ಮನುಷ್ಯ ನಮ್ಮ ಬುತ್ತಿ ಉಂಡು ಅತ್ತವರು, ದ್ವೇಷಿಸಲು ಆಗಲಿಲ್ಲ.

ಅದೇ ವಾರ ಅವರು ಕಾಯುವ ಹೊತ್ತನ್ನು ಒಂದು ಉಸಿರಿನಷ್ಟಕ್ಕೆ ಇಳಿಸಿದರು. ಡಬ್ಬಿ ಸುಮ್ಮನಾದರೆ ಪರದೆಯ ಗೆರೆ ಕಡಿಯಬೇಕು, ಕೆಂಪಾಗಬೇಕು ಎಂದು ನಾನು ಹಟ ಹಿಡಿದು ಮಾಡಿಸಿದೆ. ಆಮೇಲೆ ಒಂದು ಹೊಸ ಟೆಸ್ಟು ಬರೆದೆ. ಅದರಲ್ಲಿ ಎಲ್ಲ ಸುಳ್ಳು ಡಬ್ಬಿಗಳನ್ನೂ ಕೊಂದು ಒಂದನ್ನು ಮಾತ್ರ ಬದುಕಿಸಿಟ್ಟೆ. ಆ ಒಂದರ ಮಾತು ಹೊರಗೆ ಬರಲು ಎಷ್ಟು ಹೊತ್ತು ಹಿಡಿಯುತ್ತದೆ, ಅಷ್ಟನ್ನೇ ಅಳೆಯುವ ಟೆಸ್ಟು. ‘ಒಂದು ಡಬ್ಬಿ ಟೆಸ್ಟ್ ಮಾಡಾಕ ಏನದವ್ವಾ? ಇದನ್ನ ಯಾರಿಗಿ ತೋರಸ್ಲಿ?’ ಎಂದರು ಸಾಹೇಬರು. ತೋರಿಸಬೇಡಿ ಎಂದೆ. ಆದರೆ ಇದು ಪಾಸಾಗದೆ ಏನೂ ಹೊರಗೆ ಹೋಗಕೂಡದು ಎಂದೆ. ನನ್ನ ಮುಖ ನೋಡಿ ಅವರು ಹೂಂ ಅಂದರು.

ಇನ್ನೂ ಅಲ್ಲೇ ಯಾಕೆ ಇದ್ದಿ ಎಂದು ಗೆಳತಿಯರು ಕೇಳುತ್ತಾರೆ. ಬಿಟ್ಟರೆ ನನ್ನ ಜಾಗಕ್ಕೆ ಬರುವವರು ಮತ್ತೆ ಸಾವಿರ ಡಬ್ಬಿ ಓಡಿಸಿ ಅಂಕಿ ಏರಿಸುತ್ತಾರೆ, ಹಿಂದೆ ನಿಂತವರು ಕೂಗುತ್ತಾರೆ. ಆ ಕೂಗು ನೆನಪಾದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅದಕ್ಕೇ ಇದ್ದೇನೆ.

ಬೇಸಿಗೆ ಕಳೆಯಿತು. ಅತ್ತಿಗೆ ಪಕ್ಕದ ಹೊಲದವನ ಸಹಾಯ ತಗೊಂಡು ಅದೇ ಜಾಗಕ್ಕೆ ಇನ್ನೊಂದು ಮೋಟಾರು ಕೂಡಿಸಿದಳು. ನಾನು ಊರಿಗೆ ಹೋಗಿ ಜಗಳ ಮಾಡಿದೆ. ‘ಹೊಲ ಒಣಗಸ್ಲೇನು? ಮಕ್ಕಳಿಗಿ ನಿನ್ನ ಕಂಪ್ಯೂಟರ್ ತಿನಸ್ಲೇನು?’ ಎಂದಳು. ಅಣ್ಣ ಹೋದಂದಿನಿಂದ ಆಕೆ ನನಗೆ ಒಂದು ಬಿರುಸು ಮಾತೂ ಆಡಿರಲಿಲ್ಲ, ಇದೇ ಮೊದಲು. 

ಆ ಸಲವೂ ಹೊಳೆ ಬಂತು. ದಂಡೆಯ ಕರೆಂಟು ತೆಗೆದರು, ಡಬ್ಬಿಗಳು ಸತ್ತವು, ಬಂಡೆಯ ಮೇಲಿನದು ಬದುಕಿತ್ತು. ನೀರು ಗುರುತು ದಾಟಿದ ಕ್ಷಣಕ್ಕೇ ಮೆಸೇಜು ಹೋಯಿತು. ಅಣ್ಣನ ಫೋನು ಈಗ ಅತ್ತಿಗೆಯದು. ಅವಳು ಕೂಡಲೇ ನನಗೆ ಫೋನ್ ಮಾಡಿದಳು. ಹಿಂದೆ ಮಂದಿಯ ಗದ್ದಲ ಕೇಳುತ್ತಿತ್ತು, ದಂಡೆಯ ಮೇಲೇ ನಿಂತಿದ್ದಳು.

‘ಮೆಸೇಜ್ ಬಂತು. ನಮ್ಮೂರಿಗಿ ಬರಾಕ ಇನ್ನ ಎರಡು ತಾಸು ಅದ ಅಂತ ಅದರಾಗ ಅದ. ಮಂದಿ ಹಗ್ಗ ಹಿಡಕೊಂಡು ನಿಂತಾರ. ಇಳೀಲೇನು?’

‘ಇಳೀಬ್ಯಾಡ ಅತ್ತಿಗಿ.’

‘ಯಾಕ? ಮೆಸೇಜು ಸುಳ್ಳೇನು?’

‘ಸುಳ್ಳಲ್ಲ. ಈಗ ಎಲ್ಲಾ ಸರಿ ಮಾಡೀವಿ.’

‘ಮತ್ತ ಎರಡು ತಾಸು ಅಂದ್ರ ಎರಡು ತಾಸು ಅದ, ಹೌದಿಲ್ಲೋ?’

ನನ್ನ ಪರದೆಯ ಮೇಲೆ ಗೆರೆ ಏರುತ್ತಿತ್ತು, ಒಂದು ಸಾಲೂ ತಡವಾಗದೆ. ಅದನ್ನೇ ನೋಡುತ್ತ ಕೂತೆ.

‘ಅಲ್ಲಿಂದ ಹೊಳಿ ಕಾಣ್ತದೇನು ನಿನಗ?’ ಎಂದಳು.

‘ಇಲ್ಲ.’

‘ನನಗ ಕಾಣಾಕತ್ತದ. ಮೋಟಾರು ಹೋದ್ರ ಹೋಗ್ಲಿ,’ ಎಂದು ಫೋನ್ ಇಟ್ಟಳು.

ಮೋಟಾರು ಹೋಯಿತು. ಇಳಿಯಲು ನಿಂತಿದ್ದವರೂ ಅವಳನ್ನು ನೋಡಿ ಹಗ್ಗ ಸುತ್ತಿಕೊಂಡು ಮನೆಗೆ ನಡೆದರಂತೆ. ಆ ವರ್ಷ ಅವರೆಲ್ಲರ ಹತ್ತಿ ಅರ್ಧಕ್ಕರ್ಧ ಒಣಗಿತು.

ನೀರು ಇಳಿದ ಮೇಲೆ ನಾನು, ಹೊಳೆ ಎಷ್ಟೊತ್ತಿಗೆ ಬಂತೆಂದು ಪಕ್ಕದ ಹೊಲದವನನ್ನು ಕೇಳಿ, ಲೆಕ್ಕ ತೆಗೆದು ನೋಡಿದೆ. ಮೆಸೇಜು ಹೇಳಿದ ಎರಡು ತಾಸು ಸರಿಯಾಗಿತ್ತು. ಹೊಳೆ ನಮ್ಮೂರಿಗೆ ಹೇಳಿದ ಹೊತ್ತಿಗೇ ಬಂದಿತ್ತು. ಇಳಿದಿದ್ದರೆ ಮೋಟಾರು ಎತ್ತಿಕೊಂಡು ಮೇಲೆ ಬಂದು ಉಣ್ಣಲೂ ಪುರುಸೊತ್ತು ಸಿಗುತ್ತಿತ್ತು. ಇದನ್ನು ನಾನು ಅತ್ತಿಗೆಗೆ ಹೇಳಿಲ್ಲ. ಹೇಳುವುದೂ ಇಲ್ಲ.